ಹಾರ್ಸ್‌ಪವರ್ ಕಂಪನಿಯದ್ದು, ಪೆಟ್ರೋಲ್ ಬಿಲ್ ಡ್ರೈವರ್‌ದು

2005ರಲ್ಲಿ ಟಾಟಾ ಏಸ್ ಬಂದಾಗ ಅದರ ಡೀಸೆಲ್ ಎಂಜಿನ್ ಶಕ್ತಿ ಬರೀ 16 ಎಚ್‌ಪಿ. ಆಮೇಲೆ ಮಹೀಂದ್ರ ಮ್ಯಾಕ್ಸಿಮೊ, ಅಶೋಕ್ ಲೇಲ್ಯಾಂಡ್ ದೋಸ್ತ್ ಪೈಪೋಟಿಗೆ ಇಳಿದವು. 2020ರಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಏಸ್‌ನ ಪೆಟ್ರೋಲ್ ಮಾದರಿಯೇ 30 ಎಚ್‌ಪಿ. ಈ ಪೈಪೋಟಿಯಿಂದ ತರಕಾರಿ ಸಾಗಿಸುವವರಿಗೆ ಅನುಕೂಲವಾಗಿದೆ, ಇಲ್ಲವೆನ್ನುವುದಿಲ್ಲ.

ನಮ್ಮ ತಕರಾರು ಟ್ಯಾಂಕಿಗೆ ಬೀಳುವ ಇಂಧನದ್ದು. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಿಂದ ಆಕ್ಟೇನ್ ಏರುತ್ತದೆ, ನಿಜ. ಆದರೆ ಅದರ ಲಾಭ ಸಿಗಲು ಎಂಜಿನ್ ಅದಕ್ಕೆ ತಕ್ಕಂತೆ ಇರಬೇಕು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇ10ಕ್ಕೆ ಹೊಂದಿಸಿದ ಹಳೆಯ ನಾಲ್ಕು ಚಕ್ರದ ಗಾಡಿಗಳ ಮೈಲೇಜ್ ಶೇ 6–7 ಇಳಿಯುತ್ತದೆ ಎಂದು 2021ರಲ್ಲಿ ಅಂದಾಜು ಮಾಡಿದ್ದು ನೀತಿ ಆಯೋಗದ ವರದಿಯೇ. ಅದಕ್ಕೆ ಪರಿಹಾರವಾಗಿ ಬೆಲೆ ಕಡಿಮೆ ಇರಬೇಕು ಎಂದೂ ಅದೇ ವರದಿ ಹೇಳಿತ್ತು. ಬೆರಕೆ ಜಾರಿಗೆ ಬಂತು, ಬೆಲೆಯ ಮಾತು ಕಡತದಲ್ಲೇ ಉಳಿಯಿತು.

ದಿನಕ್ಕೆ 10 ಲೀಟರ್ ಸುಡುವ ಗಾಡಿಗೆ ಶೇ 6 ಎಂದರೆ ಅರ್ಧ ಲೀಟರಿಗೂ ಹೆಚ್ಚು. ತಿಂಗಳಿಗೆ 25 ದಿನ ಓಡಿದರೆ 15 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ 1,500 ರೂಪಾಯಿ.

ಎಥೆನಾಲ್‌ನಿಂದ ಕಬ್ಬು, ಮೆಕ್ಕೆಜೋಳದ ರೈತರಿಗೆ ಒಳ್ಳೆಯದು ಎನ್ನುತ್ತಾರೆ. ಒಳ್ಳೆಯದಾಗಲಿ, ನಾವೂ ರೈತರ ಮನೆಯವರೇ. ಆದರೆ ಅದರ ಖರ್ಚನ್ನು ಟೊಮೆಟೊ ಸಾಗಿಸುವವನ ಜೇಬಿನಿಂದ ಕೀಳಬೇಕೆ?

ಕಂಪನಿಗಳೇ, ಪೂರ್ತಿ ಲೋಡ್ ಹೊತ್ತು ಇ20ಯಲ್ಲಿ ಓಡಿದರೆ ಎಷ್ಟು ಮೈಲೇಜ್ ಎಂದು ಎಚ್‌ಪಿ ಅಂಕಿಯ ಪಕ್ಕದಲ್ಲೇ, ಅಷ್ಟೇ ದೊಡ್ಡಕ್ಷರದಲ್ಲಿ ಬರೆಯಿರಿ. ಸರ್ಕಾರ ಬೆಲೆ ಇಳಿಸಲಿ, ಇಲ್ಲವೇ ಹಳೆ ಗಾಡಿಗಳಿಗೆ ಇ10 ಕೊಡಲಿ.