ಇಸ್ಪೀಟ್ ಎಲೆ ಶಾಲೆಗೆ ಬರಬಾರದೇ?



ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಇಸ್ಪೀಟ್ ಕಟ್ಟು ಸಿಕ್ಕಿತ್ತು. ಮೇಷ್ಟ್ರು ಅವನ ತಾಯಿಯನ್ನು ಕರೆಸಿದ್ದರು. ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಆಕೆ, "ಇದರಿಂದ ನಮ್ಮ ಮನೆ ಹಾಳಾಗಿದ್ದು ಸಾಲದಾ ಸಾರ್?" ಎಂದು ಕಣ್ಣೊರೆಸಿಕೊಂಡರು. ಹುಡುಗ ಮಾತ್ರ "ನಾನು ಜೂಜಾಡಿಲ್ಲ, ಮ್ಯಾಜಿಕ್ ಮಾಡ್ತಿದ್ದೆ" ಎನ್ನುತ್ತಲೇ ಇದ್ದ.

"ಎಲ್ಲಿ, ಮಾಡಿ ತೋರಿಸು" ಎಂದೆ. ಅವನು 21 ಎಲೆ ಹಾಸಿದ. ತಾಯಿ ಮನಸ್ಸಿನಲ್ಲೇ ಒಂದು ಎಲೆ ನೆನೆಸಿಕೊಂಡರು. ಅದು ಯಾವ ಸಾಲಿನಲ್ಲಿದೆ ಎಂದು ಮೂರು ಸಲ ಬೆರಳು ತೋರಿಸಿದರು, ಅಷ್ಟೇ. "ಕಳಾವರ್ ಒಂಬತ್ತು!" ಎಂದ ಹುಡುಗ. ತಾಯಿ ಅಳು ಮರೆತು, "ಅದ್ಹೆಂಗೋ ಗೊತ್ತಾಯ್ತು?" ಎಂದರು. ಅವನು ತಲೆ ಕೆರೆದುಕೊಂಡು, "ಗೊತ್ತಿಲ್ಲಮ್ಮ, ಹಿಂಗ್ ಮಾಡಿದ್ರೆ ಬರುತ್ತೆ" ಎಂದ.

ಆ ತಾಯಿಯ ಸಿಟ್ಟಿಗೆ ಕಾರಣವಿದೆ. ಸಂಬಳದ ಹಣ ಇಸ್ಪೀಟಿನಲ್ಲಿ ಕರಗಿಹೋದ ಮನೆಗಳು ನಿಮ್ಮ ಬೀದಿಯಲ್ಲೂ ಇರಬಹುದು. ಜಾತ್ರೆಯಲ್ಲಿ ಮೂರು ಎಲೆ ತಿರುಗಿಸಿ, "ರಾಣಿ ಎಲ್ಲಿ?" ಎಂದು ದುಡ್ಡು ಕಟ್ಟಿಸಿಕೊಳ್ಳುವವರ ಹತ್ತಿರ ಸುಳಿಯಲೂ ಬೇಡಿ. ಆದರೆ ಕೆಡುಕು ಇರುವುದು ಕಟ್ಟುವ ದುಡ್ಡಿನಲ್ಲಿ, ಎಲೆಯಲ್ಲಲ್ಲ. ಹಾಗೆ ನೋಡಿದರೆ ನನಗೆ ಬೇಸರವಾದದ್ದು ಎಲೆ ಸಿಕ್ಕಿದ್ದಕ್ಕಲ್ಲ, "ಹಿಂಗ್ ಮಾಡಿದ್ರೆ ಬರುತ್ತೆ" ಎಂಬ ಮಾತಿಗೆ. ಯಾಕೆ ಬರುತ್ತದೆ? ಬನ್ನಿ, ನೋಡೋಣ.

ಮುಖ ಮೇಲಾಗಿ, ಎಡದಿಂದ ಬಲಕ್ಕೆ ಒಂದೊಂದೇ ಎಲೆ ಇಡುತ್ತಾ ಹೋಗಿ. ಒಂದು ಅಡ್ಡಸಾಲಿಗೆ 3ರಂತೆ 7 ಅಡ್ಡಸಾಲುಗಳಾಗಲಿ. ಆಗ 7 ಎಲೆಗಳ 3 ಕಂಬಸಾಲುಗಳು ಸಿಗುತ್ತವೆ. ನಿಮ್ಮ ಗೆಳತಿ ಒಂದು ಎಲೆಯನ್ನು ನೆನೆಸಿಕೊಂಡು, ಅದು ಯಾವ ಕಂಬಸಾಲಿನಲ್ಲಿದೆ ಎಂದಷ್ಟೇ ಹೇಳಲಿ. ಎಲೆಗಳ ಕ್ರಮ ಕೆಡದಂತೆ ಪ್ರತಿ ಕಂಬಸಾಲನ್ನೂ ಎತ್ತಿ, ಅವಳು ಹೇಳಿದ್ದನ್ನು ಉಳಿದೆರಡರ ನಡುವೆ ಇಡಿ. ಇದೇ ರೀತಿ ಇನ್ನೂ ಎರಡು ಸಲ ಮಾಡಿ. ಕೊನೆಗೆ ಎಣಿಸಿದರೆ 11ನೆಯದೇ ಅವಳ ಎಲೆ.

ಮೊದಲ ಸಲ ಅವಳು ಬೆರಳು ತೋರಿಸಿದಾಗಲೇ 14 ಎಲೆಗಳು ಲೆಕ್ಕದಿಂದ ಹೊರಹೋದವು. ಉಳಿದ 7 ಎಲೆಗಳು ಕಟ್ಟಿನ ನಡುವೆ, 8ರಿಂದ 14ನೇ ಸ್ಥಾನಗಳಲ್ಲಿವೆ. ಮತ್ತೆ ಹಾಸಿದಾಗ ಈ ಏಳೂ ಒಂದೊಂದು ಕಂಬಸಾಲಿಗೆ ಎರಡೋ ಮೂರೋ ಆಗಿ ಹಂಚಿಹೋಗುತ್ತವೆ. ಆದ್ದರಿಂದ ಎರಡನೇ ಉತ್ತರ ಸಿಕ್ಕಾಗ ಅನುಮಾನ ಉಳಿಯುವುದು ಹೆಚ್ಚೆಂದರೆ 3 ಎಲೆಗಳ ಮೇಲೆ. ಅವು 10, 11, 12ನೇ ಸ್ಥಾನಕ್ಕೆ ಬರುತ್ತವೆ. ಮೂರನೇ ಸಲ ಹಾಸಿದಾಗ ಇವು ನಾಲ್ಕನೇ ಅಡ್ಡಸಾಲಿನಲ್ಲಿ, ಕಂಬಸಾಲಿಗೆ ಒಂದರಂತೆ ಕೂರುತ್ತವೆ. ಅವಳು ಕಂಬಸಾಲು ಹೇಳಿದ ಕ್ಷಣವೇ ಎಲೆ ಯಾವುದೆಂದು ನಿಮಗೆ ಗೊತ್ತು! ಆಮೇಲೆ ಹಣೆ ಒತ್ತಿಕೊಳ್ಳುವುದು, ಕಣ್ಣು ಮುಚ್ಚುವುದು ಎಲ್ಲಾ ಬರೀ ನಾಟಕ.

ಕಟ್ಟಿನ ಅಡಿಯ ಎಲೆಯನ್ನು ಕದ್ದು ನೋಡಿ ಮಾಡುವ ಜಾದೂಗಳೂ ಇವೆ. ಅವೂ ಸುಲಭವೇ. ಆದರೂ ಲೆಕ್ಕವೇ ಕೆಲಸ ಮಾಡುವ ಜಾದೂ ನನಗೆ ಹೆಚ್ಚು ಇಷ್ಟ. ಯಾರದೋ ಕಟ್ಟು ಕೇಳಿ ಪಡೆದು, ನಿಂತ ನಿಲುವಿನಲ್ಲೇ ಮಾಡಬಹುದು.

ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಹೆಸರು ಕೇಳಿದ್ದೀರಲ್ಲವೇ? ಅವರ ತಂದೆ ಸರ್ಕಸ್ಸಿನಲ್ಲಿದ್ದವರು. ಮಗಳಿಗೆ ಸುಮಾರು ಮೂರು ವರ್ಷವಿದ್ದಾಗ ಇಸ್ಪೀಟ್ ಜಾದೂ ಕಲಿಸಲು ಕೂತರು. ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಅವಳ ಶಕ್ತಿ ಅವರ ಕಣ್ಣಿಗೆ ಬಿದ್ದದ್ದು ಆಗಲೇ. ಅದೇ ಶಕುಂತಲಾ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. "ಎಲೆ ಮುಟ್ಟಬೇಡ" ಎಂದು ಆ ತಂದೆ ಗದರಿದ್ದರೆ?

ಗುಟ್ಟು ಹೇಳಬಾರದು ಎಂಬುದು ಜಾದೂಗಾರರ ಕಟ್ಟುಪಾಡು. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆಟ ಮುಗಿಯುವ ತನಕ ಗುಟ್ಟಿರಲಿ. ಕಲಿಯಬೇಕೆಂದು ಕೇಳಿದವರಿಗೆ ಹೇಳಿಕೊಡಿ. ಚಿಕ್ಕ ತಂಗಿಯೋ ತಮ್ಮನೋ ನಿಮಗೆ ಮಂತ್ರಶಕ್ತಿ ಇದೆಯೆಂದು ನಂಬಿದರೆ ಮಾತ್ರ ಕೂಡಲೇ ಹೇಳಿಬಿಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ರಚಿಸಿದ್ದರು. ಅಂಥವರಿದ್ದ ಊರಿನಲ್ಲಿ 21 ಎಲೆ ಹಿಡಿದು ದೇವಮಾನವರಾಗುವುದು ಬೇಡ!

ಮನೆಯಲ್ಲಿ ಇಸ್ಪೀಟ್ ಕಂಡರೆ ಬೈಯುತ್ತಾರೆಯೇ? ಹಳೆಯ ಲಗ್ನಪತ್ರಿಕೆ ಅಥವಾ ರಟ್ಟಿನ ಡಬ್ಬ ಕತ್ತರಿಸಿ ನೀವೇ ಎಲೆ ಮಾಡಿಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಗಂಜೀಫಾ ಎಲೆಗಳೂ ಕೈಯಲ್ಲೇ ಬಣ್ಣ ಬರೆದವು. ನಿಮ್ಮ ಎಲೆಗಳ ಮೇಲೆ ಹಕ್ಕಿಯ ಹೆಸರೋ ಊರಿನ ಹೆಸರೋ ಇರಲಿ, ಲೆಕ್ಕ ಬದಲಾಗುವುದಿಲ್ಲ. ಪೀಣ್ಯದ ಆ ಹುಡುಗನಿಗೂ ಇದನ್ನೇ ಹೇಳಿದೆ. ತಾಯಿ ತಲೆಯಾಡಿಸಿದರು. ಆದರೆ ಇಸ್ಪೀಟ್ ಕಟ್ಟನ್ನು ತಾವೇ ಚೀಲಕ್ಕೆ ಹಾಕಿಕೊಂಡು ಹೋದರು.

ಹೊರಡುವಾಗ ಅವನಿಗೆ ಕೊಟ್ಟ ಲೆಕ್ಕ ನಿಮಗೂ ಇರಲಿ: 21ರ ಬದಲು 27 ಎಲೆಗಳಿಂದ, 9 ಎಲೆಗಳ 3 ಕಂಬಸಾಲು ಮಾಡಿ ಆಡಿದರೆ ನೆನೆಸಿದ ಎಲೆ ಕೊನೆಗೆ ಎಷ್ಟನೇ ಸ್ಥಾನಕ್ಕೆ ಬರುತ್ತದೆ? 15 ಎಲೆಗಳಾದರೆ?