ಪಿನ್ನು ಗಟ್ಟಿಯಿದ್ದರೆ ಸಾಲದು, ತಾಳಬೇಕು

ನಮ್ಮ ಉರಿಗಾಂ, ಬಂಗಾರಪೇಟೆ ಕಡೆ ಲೇತ್ ಕೆಲಸ ಬಲ್ಲವರಿಗೆ ಬರ ಇಲ್ಲ. ನೂರು ವರ್ಷಕ್ಕೂ ಹೆಚ್ಚು ನಡೆದು 2001ರಲ್ಲಿ ಮುಚ್ಚಿದ ಚಿನ್ನದ ಗಣಿ ಒಂದು ಕಡೆ, ಬುಲ್ಡೋಜರ್ ತಯಾರಿಸುವ ಬೆಮೆಲ್ ಇನ್ನೊಂದು ಕಡೆ. ಹಾಗಾಗಿ ಟ್ರ್ಯಾಕ್ಟರ್ ಲೋಡರ್‌ದೋ ಜೆಸಿಬಿ ಬಕೆಟ್‌ದೋ ಪಿನ್ನು ಸವೆದರೆ ಇಲ್ಲೇ ಮಾಡಿಸಿಕೊಳ್ಳೋದುಂಟು. ಅದು ತಪ್ಪಲ್ಲ. "ಯಾವುದಾದರೂ ಗಟ್ಟಿ ರಾಡಲ್ಲಿ ಮಾಡಿಕೊಡಿ" ಅನ್ನೋದು ಮಾತ್ರ ತಪ್ಪು ಅಂತ ನನ್ನ ಅಭಿಪ್ರಾಯ.

ಗಡಸುತನ ಬೇರೆ, ತಾಳಿಕೆ ಬೇರೆ. ಮೆದು ಪಿನ್ನು ಬೇಗ ಸವೆಯುತ್ತೆ, ಬಾಗುತ್ತೆ. ಸಾಮಾನ್ಯವಾಗಿ ಮೊದಲೇ ಸೂಚನೆ ಕೊಡುತ್ತೆ. ಒಳಗಿನವರೆಗೂ ಗಡಸಾಗಿರೋ ಪಿನ್ನು ಬಕೆಟ್ ಬಂಡೆಗೆ ಬಡಿದರೆ ಪಟ್ಟಂತ ಮುರಿಯಬಹುದು. ಆಗ ಕೆಳಗೆ ಮನುಷ್ಯ ಇದ್ದರೆ? ಮೇಲ್ಮೈ ಗಡಸು, ಒಳಗೆ ತಾಳಿಕೆ: ಒಳ್ಳೇ ಪಿನ್ನು ಅಂದರೆ ಇದು.

ಅಂಗಡಿಯಲ್ಲಿ ಉಕ್ಕನ್ನ ಹೆಸರು ಹೇಳಿ ಕೇಳಿ. ಮೈಲ್ಡ್ ಸ್ಟೀಲ್‌ನಲ್ಲಿ ಇಂಗಾಲ ಸುಮಾರು ಶೇ 0.2, ಭಾರದ ಪಿನ್ನಿಗೆ ಬೇಡ. ಇಎನ್8ರಲ್ಲಿ ಸುಮಾರು ಶೇ 0.4, ಕಲ್ಟಿವೇಟರ್, ಟ್ರೇಲರ್‌ನಂಥ ಕೆಲಸಕ್ಕೆ ಸಾಕು. ಲೋಡರ್, ಬಕೆಟ್‌ಗೆ ಕ್ರೋಮಿಯಂ, ಮಾಲಿಬ್ಡಿನಂ ಇರುವ ಇಎನ್19 ತಗೊಳ್ಳಿ. ಹದ ಮಾಡಿದ ರಾಡೇ ಸಿಗುತ್ತೆ, ನೇರವಾಗಿ ಲೇತ್‌ಗೆ ಹಾಕಬಹುದು. ಮೇಲ್ಮೈ ಇನ್ನೂ ಗಡಸಾಗಬೇಕಾದರೆ ಬೆಂಗಳೂರಿನ ಪೀಣ್ಯದಲ್ಲಿ ಇಂಡಕ್ಷನ್ ಹಾರ್ಡನಿಂಗ್ ಮಾಡಿಸಬಹುದು. ಕೆಂಪಗೆ ಕಾಯಿಸಿ ನೀರಿಗೆ ಅದ್ದೋ ಅಂದಾಜಿನ ಕೆಲಸ ಬೇಡ, ಬಿರುಕು ಬಿಡುತ್ತೆ.

ಗುಜರಿಯ ಹಳೇ ಆಕ್ಸಲ್ ಅಗ್ಗ, ನಿಜ. ಆದರೆ ಅದು ಯಾವ ಉಕ್ಕು, ಎಷ್ಟು ದಣಿದಿದೆ, ಕೂದಲೆಳೆ ಬಿರುಕಿದೆಯಾ ಅಂತ ಕಣ್ಣಿಗೆ ಗೊತ್ತಾಗಲ್ಲ. ಟಿಎಂಟಿ ಕಂಬಿಯಲ್ಲಂತೂ ಗಡಸು ಭಾಗ ಹೊರಗಿನ ಸುತ್ತಿನಲ್ಲಿರುತ್ತೆ; ಲೇತ್‌ನಲ್ಲಿ ಕಡೆದರೆ ಅದೇ ಮೊದಲು ಹೋಗುತ್ತೆ.

ಅಳತೆಯಲ್ಲೂ ಉದಾಸೀನ ಬೇಡ. 25 ಮಿ.ಮೀ. ಪಿನ್ನು 24ಕ್ಕೆ ಇಳಿದರೆ ಬಲ ಸುಮಾರು ಶೇ 8 ಕಡಿಮೆ. ಗ್ರೀಸ್ ತೂತು, ಪಿನ್ನು ತಿರುಗದಂತೆ ಹಿಡಿಯೋ ಬೋಲ್ಟು ಎರಡೂ ಇರಲೇಬೇಕು. ಆ ಬೋಲ್ಟಿಲ್ಲದೆ ಪಿನ್ನು ತಿರುಗಿದರೆ ಹಿಡಿಯೋ ಕಿವಿಯ ತೂತೇ ಅಂಡಾಕಾರ ಆಗಿ, ಪಿನ್ನಿಗಿಂತ ಎಷ್ಟೋ ಪಟ್ಟು ಖರ್ಚು ಬರುತ್ತೆ. ಇಎನ್19ಕ್ಕೆ ತಣ್ಣಗಿದ್ದಾಗಲೇ ವೆಲ್ಡ್ ಹೊಡೆಸಬೇಡಿ. ಮೊದಲು ಕಾಯಿಸಬೇಕು, ಆಮೇಲೆ ನಿಧಾನಕ್ಕೆ ಆರಿಸಬೇಕು.

ಒಂದು ಜಾಗದಲ್ಲಿ ಮಾತ್ರ ಗಟ್ಟಿ ಉಕ್ಕಿನ ಆಸೆ ಪೂರ್ತಿ ಬಿಡಿ: ರೋಟವೇಟರ್‌ನ ಷಿಯರ್ ಬೋಲ್ಟ್. ಅದು ಮುರಿಯೋದಕ್ಕೇ ಇರೋದು. ಬೇರುಗಂಟೋ ಕಲ್ಲೋ ಸಿಕ್ಕಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸುತ್ತೆ. ಕೈಪಿಡಿಯಲ್ಲಿರೋ ಅಳತೆ, ಗ್ರೇಡ್ ನೋಡಿ ಅದನ್ನೇ ಹಾಕಿ.

ಪ್ರತಿ ಕೀಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಮೊದಲು ಸವೆಯಬೇಕಾದ್ದು, ಮುರಿಯಬೇಕಾದ್ದು ಯಾವುದು? ಉತ್ತರ ಗೊತ್ತಾಗದಿದ್ದರೆ, ಅಥವಾ ಆ ಭಾರದ ಕೆಳಗೆ ಜನ ಓಡಾಡೋ ಹಾಗಿದ್ದರೆ, ಕಂಪನಿ ಪಿನ್ನನ್ನೇ ತನ್ನಿ. ಬೇರೆ ಕಡೆ ಮಾಡಿಸುವಾಗ ಬಿಲ್ಲಿನಲ್ಲಿ ಗ್ರೇಡ್ ಬರೆಸಿ, ಫೋನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಮುಂದಿನ ಸಲ ಅಂದಾಜು ಬೇಕಾಗಲ್ಲ.