ಬೀಗ ಹಾಕಿದ ಮನೆ ಯಾರದು?



ನಿಮ್ಮ ಓಣಿಯಲ್ಲೂ ಅಂತಹ ಒಂದು ಮನೆ ಇದ್ದೀತು. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಮಾಳಿಗೆಯ ಮೇಲೆ ಹುಲ್ಲು, ಪಡಸಾಲೆಯಲ್ಲಿ ಜಾಲಿ ಗಿಡ, ಗೋಡೆಯ ಬುಡದಲ್ಲಿ ಓಣಿಯವರೆಲ್ಲ ಎಸೆದ ಕಸ. ಚೆಂಡು ಅತ್ತ ಬಿದ್ದರೆ ಮಕ್ಕಳು ತರಲು ಹೆದರುತ್ತಾರೆ. ಸಂಜೆಯಾದರೆ ಹೆಣ್ಣುಮಕ್ಕಳು ಆ ಗೋಡೆ ದಾಟುವಾಗ ಬೇಗ ಬೇಗ ಹೆಜ್ಜೆ ಹಾಕುತ್ತಾರೆ. “ಪಂಚಾಯತಿಯವರು ಏನು ಮಾಡುತ್ತಿದ್ದಾರೆ?” ಎಂದು ನಾವು ಕೇಳುತ್ತೇವೆ. ನಾನೂ ಹಾಗೆ ಕೇಳಿದವಳೇ. ಆದರೆ ಸುಳ್ಳದ ನಮ್ಮ ಓಣಿಯಲ್ಲಿ ಆ ಮನೆ ನಮ್ಮದೇ ಆಗಿತ್ತು.

ಹುಬ್ಬಳ್ಳಿ ತಾಲೂಕಿನ ಸುಳ್ಳ ನನ್ನ ತವರು. ನಮ್ಮದು ಎರೆಭೂಮಿಯ ಸೀಮೆ. ಇಲ್ಲಿನ ಹಳೆಯ ಮನೆಗಳಿಗೆ ಮಣ್ಣಿನ ಗೋಡೆ, ಮರದ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಇಂತಹ ಮನೆಗೆ ಮಳೆಗಾಲದ ಮೊದಲು ಮೇಲೆ ಹೊಸ ಮಣ್ಣು ಹಾಕಬೇಕು, ಇಲಿಯ ಬಿಲ ಮುಚ್ಚಬೇಕು, ಗೋಡೆ ಸಾರಿಸಬೇಕು. ಒಳಗೆ ಮನುಷ್ಯರಿದ್ದರೆ ಮಾತ್ರ ಈ ಕೆಲಸವೆಲ್ಲ ನಡೆಯುತ್ತದೆ. ಅಬ್ಬಾ 2009ರಲ್ಲಿ ತೀರಿಕೊಂಡರು, ಅಮ್ಮಿ 2013ರಲ್ಲಿ. ಒಬ್ಬ ಅಣ್ಣ ಹುಬ್ಬಳ್ಳಿಯಲ್ಲಿ, ಇನ್ನೊಬ್ಬರು ಗಲ್ಫಿನಲ್ಲಿ, ಆಪಾ ಗದಗದಲ್ಲಿ, ನಾನು ಗಂಡನ ಮನೆಯಲ್ಲಿ. ಅಮ್ಮಿಯ ನಲವತ್ತನೆಯ ದಿನ ಕಳೆದ ಮೇಲೆ ಭಾಯಿಜಾನ್ ಮನೆಗೆ ಬೀಗ ಹಾಕಿದರು. ಆಮೇಲೆ ಮಾಡೋಣ ಎಂದು ಎಲ್ಲರೂ ಅಂದುಕೊಂಡೆವು.

2019ರ ಆಗಸ್ಟಿನ ಮಳೆ ನಿಮಗೆಲ್ಲ ನೆನಪಿರಬಹುದು. ಬೆಣ್ಣಿಹಳ್ಳ ಉಕ್ಕಿ ಹರಿಯಿತು, ಧಾರವಾಡ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಯನ್ನು ಮತ್ತೆ ಕಟ್ಟಿಕೊಳ್ಳಲು ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ನಮ್ಮ ಮನೆಯ ಹಿಂದಿನ ಒಂದು ಅಂಕಣ ಆಗಲೇ ಕುಳಿತಿತ್ತು. ಆದರೆ ಆರು ವರ್ಷದಿಂದ ಯಾರೂ ವಾಸವಿಲ್ಲದ ಮನೆಗೆ ಪರಿಹಾರ ಕೇಳಲು ನಮಗೆ ಯಾವ ಮುಖವಿತ್ತು? ಸುಮ್ಮನಾದೆವು. 2022ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯ ದೊಡ್ಡವ್ವನ ಫೋನು ಬಂತು.

“ಯವ್ವಾ, ನಿಮ್ಮ ಗ್ವಾಡಿ ನಮ್ಮ ಅಂಗಳಕ್ಕ ಬಿದ್ದೈತಿ. ದೇವ್ರು ದೊಡ್ಡಾಂವ, ಹುಡುಗೂರು ಸಾಲಿಗೆ ಹೋಗಿದ್ರು.”

ಬೈದಿದ್ದರೆ ಒಂದು ಮಾತು. ಆಕೆ ಬೈಯಲಿಲ್ಲ. ದಾರಿಯಲ್ಲಿ ಬಿದ್ದ ಕಲ್ಲು ಮುಳ್ಳು ತೆಗೆಯುವುದು ಈಮಾನಿನ ಭಾಗವೆಂದು ನಾನು ವರ್ಷ ವರ್ಷವೂ ಮಕ್ಕಳಿಗೆ ಕಲಿಸುತ್ತೇನೆ. ಅಂದು ಪಾಠ ಮಾಡುವಾಗ ನನ್ನ ನಾಲಿಗೆ ಒಣಗಿತು.

ಕೆಲವು ದಿನಗಳಲ್ಲಿ ಪಂಚಾಯತಿಯಿಂದ ನೋಟಿಸು ಬಂತು. ಉಳಿದ ಗೋಡೆ ಅಪಾಯದಲ್ಲಿದೆ, ತೆಗೆಸಿ ಜಾಗ ಸ್ವಚ್ಛ ಮಾಡಿ ಎಂದು ಬರೆದಿತ್ತು. ಮೇಲೆ ಅಬ್ಬಾನ ಹೆಸರು! ತೀರಿಕೊಂಡು ಹದಿಮೂರು ವರ್ಷವಾದವರಿಗೆ ನೋಟಿಸು. ಮೊದಲು ಸಿಟ್ಟು ಬಂತು. ಆಮೇಲೆ ತಿಳಿಯಿತು, ತಪ್ಪು ಬರೆದವರದಲ್ಲ. ಉತಾರದಲ್ಲಿ ಯಾರ ಹೆಸರಿದೆಯೋ ಅವರಿಗೇ ನೋಟಿಸು. ಆ ಹೆಸರು ಬದಲಿಸಬೇಕಾಗಿದ್ದವರು ನಾವು, ಬದಲಿಸಿರಲಿಲ್ಲ.

ಸಹೋದರಿಯರೇ, ಹಾಳುಬಿದ್ದ ಮನೆಯ ವಿಷಯದಲ್ಲಿ ಸ್ಥಳೀಯ ಸರಕಾರದ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮ ಪಂಚಾಯತಿಗೆ ಊರಿನ ಮನೆಗಳ ಮೇಲೆ ತೆರಿಗೆ ಹಾಕುವ ಅಧಿಕಾರವಿದೆ. ಬೀಗ ಹಾಕಿದ್ದೇವೆಂದು ತೆರಿಗೆ ತಪ್ಪುವುದಿಲ್ಲ, ಬಾಕಿ ಏರುತ್ತಲೇ ಹೋಗುತ್ತದೆ. ಹಾಗೆಂದು ಹಾಳುಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಯಾರ ಮನೆಯನ್ನೂ ಕಸಿದುಕೊಳ್ಳುವಂತಿಲ್ಲ. ಕಾನೂನಿನ ಆಧಾರವಿಲ್ಲದೆ ಯಾರನ್ನೂ ಅವರ ಆಸ್ತಿಯಿಂದ ಹೊರಗಿಡಬಾರದೆಂಬ ವಿಧಿ ನಮ್ಮ ಸಂವಿಧಾನದಲ್ಲಿದೆ, 300ಎ ಎಂದು ಅದರ ಸಂಖ್ಯೆ.

ಹುಬ್ಬಳ್ಳಿ ಧಾರವಾಡದಂತಹ ನಗರದಲ್ಲಿ 1976ರ ಮಹಾನಗರ ಪಾಲಿಕೆಗಳ ಅಧಿನಿಯಮ ಅನ್ವಯಿಸುತ್ತದೆ. ಬೀಳುವಂತಿರುವ ಕಟ್ಟಡವನ್ನು ದುರಸ್ತಿ ಮಾಡಿ ಇಲ್ಲವೇ ಕೆಡವಿ ಎಂದು ಆಯುಕ್ತರು ಮಾಲೀಕರಿಗೆ ಹೇಳಬಹುದು. ಅಪಾಯ ತಲೆಯ ಮೇಲೆಯೇ ಇದ್ದರೆ ಪಾಲಿಕೆಯೇ ಕ್ರಮ ಕೈಗೊಂಡು ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು.

ಪಕ್ಕದ ಮನೆಯವರಿಗೂ ಒಂದು ದಾರಿಯಿದೆ. ಕಟ್ಟಡವಾಗಲಿ ಮರವಾಗಲಿ ಬಿದ್ದು ನೆರೆಹೊರೆಯವರಿಗೆ, ದಾರಿಹೋಕರಿಗೆ ಪೆಟ್ಟಾಗುವ ಸ್ಥಿತಿಯಲ್ಲಿದ್ದರೆ, ತೆಗೆಸಿ ಅಥವಾ ದುರಸ್ತಿ ಮಾಡಿಸಿ ಎಂದು ಮಾಲೀಕರಿಗೆ ಆದೇಶ ಕೊಡುವ ಅಧಿಕಾರ ಕಾರ್ಯಪಾಲಕ ದಂಡಾಧಿಕಾರಿಗಿದೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಉಪವಿಭಾಗಾಧಿಕಾರಿಯ ಕಚೇರಿಗೆ ಒಂದು ಅರ್ಜಿ ಕೊಡಬಹುದು. ಗೋಡೆಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ದೊಡ್ಡವ್ವ ಹೀಗೊಂದು ಅರ್ಜಿ ಕೊಟ್ಟಿದ್ದರೆ ನಾವು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು.

ಇನ್ನು ಸೊಳ್ಳೆಯ ಮಾತು. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡದ ನಿಯಮ ತಂದಿತು. ಸೊಳ್ಳೆ ಹುಟ್ಟಲು ಬಿಟ್ಟರೆ ವಾಸದ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಖಾಲಿ ಜಾಗ, ಹಾಳುಬಿಟ್ಟ ಜಾಗವಾದರೆ ಪಟ್ಟಣದಲ್ಲಿ 2,000, ಹಳ್ಳಿಯಲ್ಲಿ 1,000. ಗಮನಿಸಿ, ಜನವಿರುವ ಮನೆಗಿಂತ ಬೀಗ ಹಾಕಿದ ಜಾಗಕ್ಕೆ ಐದು ಪಟ್ಟು ದಂಡ. ಒಡೆದ ಹರವಿಯಲ್ಲಿ ನಿಂತ ನೀರನ್ನು ಚೆಲ್ಲಲು ಅಲ್ಲಿ ಯಾರೂ ಇರುವುದಿಲ್ಲವಲ್ಲ!

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2011ರ ಜನಗಣತಿಯಲ್ಲಿ ದೇಶದ ಸುಮಾರು 33 ಕೋಟಿ ಕಟ್ಟಡ ಮನೆಗಳ ಪೈಕಿ ಸುಮಾರು 2.46 ಕೋಟಿ ಖಾಲಿಯಿದ್ದವು. ಜಪಾನಿನಲ್ಲಿ 2023ರ ಸಮೀಕ್ಷೆಯಂತೆ ಸುಮಾರು 90 ಲಕ್ಷ ಮನೆಗಳು ಖಾಲಿ, ಅಂದರೆ ನೂರಕ್ಕೆ ಹೆಚ್ಚುಕಡಿಮೆ ಹದಿನಾಲ್ಕು. ಅಲ್ಲಿ ವಾಸದ ಮನೆಯಿರುವ ಜಾಗಕ್ಕೆ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಉಂಟು. ಅದನ್ನು ಕಳೆದುಕೊಳ್ಳಬಾರದೆಂದು ಜನ ಪಾಳುಮನೆಯನ್ನು ಕೆಡವದೆ ಹಾಗೇ ಬಿಡುತ್ತಿದ್ದರು. 2015ರಲ್ಲಿ ಜಾರಿಗೆ ಬಂದ ಕಾನೂನಿನ ಮೂಲಕ, ಅಪಾಯದಲ್ಲಿರುವ ಮನೆಯನ್ನು ಸರಿಪಡಿಸಿ ಎಂದು ನಗರಸಭೆ ಹೇಳಿದರೂ ಕೇಳದವರಿಗೆ ಆ ರಿಯಾಯಿತಿ ತಪ್ಪುವಂತಾಯಿತು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲಿನಿಂದ, ಒಂದು ವರ್ಷ ಖಾಲಿಬಿದ್ದ ಮನೆಗೆ ಅಲ್ಲಿನ ಕೌನ್ಸಿಲ್ ಇಮ್ಮಡಿ ತೆರಿಗೆ ಹಾಕಬಹುದು.

ಜಪಾನಿನವರು ತೆರಿಗೆಯಿಂದ ಕೆಲಸ ಮುಗಿಯಿತೆಂದು ಕೂರಲಿಲ್ಲ. ತೀರಿಕೊಂಡವರ ಹೆಸರಿನಲ್ಲೇ ದಾಖಲೆ ಉಳಿದರೆ ನೋಟಿಸು ಕೊಡುವುದಾದರೂ ಯಾರಿಗೆ? ಅದಕ್ಕಾಗಿ 2024ರ ಏಪ್ರಿಲ್ 1ರಿಂದ, ಆಸ್ತಿ ವಾರಸಾ ಬಂದದ್ದು ತಿಳಿದ ಮೂರು ವರ್ಷದೊಳಗೆ ವಾರಸುದಾರರು ಹೆಸರು ನೋಂದಾಯಿಸಲೇಬೇಕು, ಇಲ್ಲವಾದರೆ 1 ಲಕ್ಷ ಯೆನ್ನವರೆಗೆ ದಂಡ ಎಂಬ ನಿಯಮ ತಂದರು. ಇದನ್ನು ಓದಿದಾಗ ನನಗೆ ಅಬ್ಬಾನ ಹೆಸರಿನ ಆ ನೋಟಿಸು ಕಣ್ಣ ಮುಂದೆ ಬಂತು.

ಹೆಸರು ಬದಲಿಸಲು ನಮಗೆ ಅಡ್ಡಿಯಾದದ್ದು ಏನು? ಕಾಗದಪತ್ರ ಅಲ್ಲ, ಖರ್ಚೂ ಅಲ್ಲ. ವಾರಸಾ ಹಚ್ಚಬೇಕಾದರೆ ವಂಶಾವಳಿ ಬರೆಯಬೇಕು. ವಂಶಾವಳಿಯಲ್ಲಿ ನಾಲ್ಕು ಮಕ್ಕಳ ಹೆಸರು ಬರುತ್ತದೆ. ನಾಲ್ಕು ಹೆಸರು ಬಂದರೆ ಹೆಣ್ಣುಮಕ್ಕಳ ಪಾಲಿನ ಮಾತು ಬರುತ್ತದೆ. ಆ ಮಾತು ಬಾರದಿರಲಿ ಎಂದು ಅಣ್ಣಂದಿರು ಸುಮ್ಮನಿದ್ದರು. ಕೇಳಿದರೆ ತವರು ಮುರಿದೀತೆಂದು ನಾವು ಅಕ್ಕತಂಗಿಯರು ಸುಮ್ಮನಿದ್ದೆವು. ನಮ್ಮೆಲ್ಲರ ಈ ಮೌನದ ಕೆಳಗೆ ಮನೆ ಒಂದೊಂದು ಮಳೆಗೆ ಒಂದೊಂದು ಗೇಣು ಕುಸಿಯಿತು.

ಸೂರಃ ಅನ್ನಿಸಾದಲ್ಲಿ ಪಾಲುಗಳನ್ನು ಎಣಿಸಿ ಕೊಡಲಾಗಿದೆ. ಅದನ್ನು ಮದ್ರಸಾದಲ್ಲಿ ಓದಿದವಳು ನಾನು. ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳಿರುವ ನಮ್ಮ ಮನೆಯನ್ನು ಆರು ಪಾಲು ಮಾಡಿದರೆ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. 1937ರ ಶರೀಅತ್ ಅನ್ವಯ ಅಧಿನಿಯಮದಿಂದ ದೇಶದ ಕಾನೂನೂ ಮನೆ, ನಿವೇಶನಗಳ ವಿಷಯದಲ್ಲಿ ಇದನ್ನೇ ಒಪ್ಪುತ್ತದೆ. ಇಷ್ಟು ತಿಳಿದೂ ನಾನು ಬಾಯಿ ಬಿಟ್ಟಿರಲಿಲ್ಲ. ಹಕ್ಕು ಕೇಳದಿರುವುದು ದೊಡ್ಡ ಗುಣವೆಂದೇ ಭಾವಿಸಿದ್ದೆ.

ನೋಟಿಸು ಹಿಡಿದು ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಕುಳಿತೆವು. “ಎಲ್ಲರೂ ಖರ್ಚು ಹಾಕೋಣ” ಎಂದರು ಭಾಯಿಜಾನ್. “ಹಾಕುತ್ತೇನೆ. ಆದರೆ ಉತಾರದಲ್ಲಿ ನನ್ನ ಹೆಸರೂ, ಆಪಾನ ಹೆಸರೂ ಬರಲಿ” ಎಂದೆ.

“ನಿನ್ನ ಮದುವೆಗೆ ನಾವು ಖರ್ಚು ಮಾಡಲಿಲ್ಲವೇ?”

“ಮಾಡಿದಿರಿ. ಅದು ನಿಮ್ಮ ಪ್ರೀತಿ. ಆದರೆ ಆ ಗೋಡೆ ಹುಡುಗರ ಮೇಲೆ ಬಿದ್ದಿದ್ದರೆ ಆ ಪಾಪದಲ್ಲಿ ನನಗೂ ಪಾಲಿರುತ್ತಿತ್ತು ಭಾಯಿಜಾನ್. ಪಾಪದಲ್ಲಿ ಪಾಲು, ಮನೆಯಲ್ಲಿ ಇಲ್ಲ ಎಂದರೆ ಹೇಗೆ?”

ಅವರು ಉತ್ತರ ಕೊಡಲಿಲ್ಲ. ಭಾಭಿ ಎದ್ದು ಒಳಗೆ ಹೋದರು. ಅಂದು ಊಟ ಮಾಡದೆ ಬಂದೆ. ಬಸ್ಸಿನಲ್ಲಿ ಅತ್ತೆನೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೂರು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ. ಮೂರು ತಿಂಗಳ ನಂತರ ಅವರೇ ಫೋನು ಮಾಡಿ, “ವಂಶಾವಳಿಗೆ ನಿನ್ನ ಆಧಾರ್ ಪ್ರತಿ ಬೇಕು” ಎಂದಷ್ಟೇ ಹೇಳಿದರು.

ಎಲ್ಲವೂ ಸುಖಾಂತವಾಯಿತೆಂದು ಹೇಳಲಾರೆ. ಉಳಿದ ಗೋಡೆ ತೆಗೆಸಿದೆವು, ಜಾಲಿ ಕಡಿಸಿದೆವು, ದೊಡ್ಡವ್ವನ ಅಂಗಳದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದೆವು, ತೆರಿಗೆಯ ಬಾಕಿ ತುಂಬಿದೆವು. ವಾರಸಾ ಅರ್ಜಿಗೆ ಮೂವರ ಸಹಿ ಬಿದ್ದಿದೆ. ಗಲ್ಫಿನ ಅಣ್ಣ “ಬಂದಾಗ ನೋಡೋಣ” ಎನ್ನುತ್ತಲೇ ಇದ್ದಾರೆ. ಅವರ ಸಹಿಗಾಗಿ ಕಾಯುತ್ತಿದ್ದೇವೆ.

ನಿಮ್ಮ ತವರಿನಲ್ಲೋ ಗಂಡನ ಮನೆಯಲ್ಲೋ ಇಂತಹ ಬೀಗ ಇದ್ದರೆ ಮೊದಲು ಪಂಚಾಯತಿಗೆ ಅಥವಾ ಪಾಲಿಕೆಯ ವಲಯ ಕಚೇರಿಗೆ ಹೋಗಿ ಉತಾರ ತೆಗೆಸಿ. ಯಾರ ಹೆಸರಿದೆ, ತೆರಿಗೆ ಎಲ್ಲಿಯವರೆಗೆ ತುಂಬಿದೆ ಎಂದು ನೋಡಿ. ತೀರಿಕೊಂಡವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ಹಳೆಯ ಉತಾರ, ತೆರಿಗೆ ರಸೀದಿ, ಎಲ್ಲ ವಾರಸುದಾರರ ಗುರುತಿನ ಪತ್ರಗಳನ್ನು ಒಂದು ಕಡೆ ಕೂಡಿಸಿ. ನಾವು ಇಂದಿಗೂ ತಲಾಠಿ ಎನ್ನುವ ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು ವಂಶಾವಳಿಯ ದಾರಿ ಕೇಳಿ. ಅದರಲ್ಲಿ ಯಾವ ಮಗಳ ಹೆಸರೂ ಬಿಟ್ಟುಹೋಗದಿರಲಿ. ಒಬ್ಬರು ತಮ್ಮ ಪಾಲು ಬಿಟ್ಟುಕೊಡುವುದಾದರೆ ಖುಷಿಯಿಂದ, ನೋಂದಾಯಿತ ಪತ್ರದ ಮೂಲಕ ಕೊಡಲಿ. ಬಾಯಿಮಾತಿನ ತ್ಯಾಗ ಮುಂದಿನ ತಲೆಮಾರಿಗೆ ಜಗಳವಾಗಿ ಬರುತ್ತದೆ. ಕೇಂದ್ರ ಸರಕಾರ 2020ರ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡಲಾಗುತ್ತಿದೆ. ಡ್ರೋನ್ ಗೋಡೆಯ ಗಡಿಯನ್ನು ಗುರುತಿಸಬಲ್ಲದು, ಗೋಡೆಯ ವಾರಸುದಾರರು ಯಾರೆಂದು ಹೇಳಬೇಕಾದವರು ನಾವೇ.

ಅಲ್ಲಿಯವರೆಗೆ, ಮಳೆಗಾಲದ ಮೊದಲು ಒಮ್ಮೆ ಹೋಗಿ ಬೀಗ ತೆಗೆಯಿರಿ. ಬಿರುಕು ನೋಡಿ, ನಿಂತ ನೀರು ಚೆಲ್ಲಿ, ಗಿಡ ಕೀಳಿಸಿ, ವಾಲಿದ ಗೋಡೆಯಿದ್ದರೆ ಇಳಿಸಿ. ಪಕ್ಕದ ಮನೆಯವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ.

ಕಳೆದ ರಮಝಾನಿನ ಮೊದಲು ಸುಳ್ಳಕ್ಕೆ ಹೋಗಿದ್ದೆ. ನಮ್ಮ ಖಾಲಿ ಜಾಗದಲ್ಲಿ ದೊಡ್ಡವ್ವನ ಮೊಮ್ಮಕ್ಕಳು ಚೆಂಡಾಡುತ್ತಿದ್ದರು. ನನ್ನನ್ನು ಕಂಡು ಆಟ ನಿಲ್ಲಿಸಿ, “ಅಕ್ಕಾರ, ಇದು ಯಾರ ಜಾಗಾರೀ?” ಎಂದು ಒಬ್ಬ ಕೇಳಿದ. “ನಮ್ಮದಪ್ಪಾ, ಆಡ್ರಿ” ಎಂದೆ. ಆ ಓಣಿಯಲ್ಲಿ ನಿಂತು ನಾಚಿಕೆಯಿಲ್ಲದೆ ನಮ್ಮದು ಎನ್ನಲು ನನಗೆ ಇಷ್ಟು ವರ್ಷ ಬೇಕಾಯಿತು.